ಅಂಗಡಿಯ ಅಕ್ಷರ, ಅಂಗಡಿಯ ಗುರುತು: ಕನ್ನಡ ಜಾಲತಾಣಗಳ ಲಿಪಿವಿನ್ಯಾಸದಲ್ಲಿ ಔಚಿತ್ಯವಿಚಾರ

೧

ಕಾವ್ಯ, ಶಾಸನ, ವ್ಯಾಕರಣಗಳನ್ನು ಕುರಿತ ವಿಚಾರಗಳ ನಡುವೆ, ಸಣ್ಣ ಅಂಗಡಿಯೊಂದರ ಜಾಲತಾಣಕ್ಕೆ ಯಾವ ಅಕ್ಷರರೂಪ ತಕ್ಕುದು, ಯಾವ ಲಾಂಛನ ಒಪ್ಪುವುದು ಎಂಬ ಪ್ರಶ್ನೆಯನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ವಿದ್ವತ್ತಿಗೂ ವ್ಯಾಪಾರಕ್ಕೂ ಎಲ್ಲಿಯ ನಂಟು ಎಂದು ಅವರು ಕೇಳಿಯಾರು. ನಂಟು ಇದೆ. ಪಂಪನನ್ನೋ ರನ್ನನನ್ನೋ ತರಗತಿಯಲ್ಲಿ ಓದಿದ ವಿದ್ಯಾರ್ಥಿ ಹೊರಗೆ ಬಂದೊಡನೆ ಕಾಣುವ ಕನ್ನಡವೆಂದರೆ ಖಾನಾವಳಿಯ ತಿಂಡಿಪಟ್ಟಿ, ಸೀರೆಯಂಗಡಿಯ ಬೆಲೆಪಟ್ಟಿ, ಔಷಧಾಲಯದ ವೇಳಾಪಟ್ಟಿ. ಅದೂ ಅಂಗೈಯಗಲದ ಮೊಬೈಲ್ ಪರದೆಯ ಮೇಲೆ. ಕನ್ನಡ ಲಿಪಿಯ ಸ್ವರೂಪಜ್ಞಾನವು ಜನರ ಕಣ್ಣಿನಲ್ಲಿ ಉಳಿಯುವುದೋ ಅಳಿಯುವುದೋ ಎಂಬುದು ಇಂತಹ ಪುಟಗಳಲ್ಲಿಯೂ ನಿರ್ಣಯವಾಗುತ್ತಿದೆ.

೨೦೨೪ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ಆದ ತಿದ್ದುಪಡಿಯು ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡ ೬೦ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ಇದು ಫಲಕಕ್ಕೆ ಸಂಬಂಧಿಸಿದ ವಿಧಿ. ಆದರೆ ಫಲಕಕ್ಕಾಗಿ ಸಿದ್ಧವಾದ ಹೆಸರಿನ ರೂಪವೇ ಅನೇಕ ವೇಳೆ ಜಾಲತಾಣಕ್ಕೂ ಹೋಗುತ್ತದೆ. ಫಲಕದ ಗುಣದೋಷಗಳು ಅಲ್ಲಿಯೂ ಹಿಂಬಾಲಿಸುತ್ತವೆ. ಕನ್ನಡ ಎಷ್ಟಿರಬೇಕೆಂಬುದನ್ನು ಕಾನೂನು ಹೇಳಬಲ್ಲುದು, ಹೇಗಿರಬೇಕೆಂಬುದನ್ನು ಹೇಳಲಾರದು. ಎರಡನೆಯದು ವಿಮರ್ಶೆಯ ಕೆಲಸ.

ಈಗ ರೂಢಿಯಲ್ಲಿರುವ ಕ್ರಮವನ್ನು ಗಮನಿಸೋಣ. ವರ್ತಕನು ಮೊದಲು ಲಾಂಛನವನ್ನು ಬಯಸುತ್ತಾನೆ; ಅದು ಇಂಗ್ಲಿಷ್ ಹೆಸರಿನ ಸುತ್ತ ರಚಿತವಾಗುತ್ತದೆ; ಆ ಲಾಂಛನಕ್ಕೆ ಹೊಂದುವ ರೋಮನ್ ಅಕ್ಷರರೂಪವನ್ನು ಆರಿಸುತ್ತಾರೆ; ಕೊನೆಗೆ, ಉಳಿದ ಸ್ಥಳದಲ್ಲಿ, ಕೈಗೆ ಸಿಕ್ಕಿದ ಫಾಂಟಿನಲ್ಲಿ ಕನ್ನಡವನ್ನು ಕೂರಿಸುತ್ತಾರೆ. ಈ ಕ್ರಮವನ್ನು ತಲೆಕೆಳಗುಮಾಡಬೇಕೆಂಬುದೇ ನಮ್ಮ ವಾದ. ಓದಿಸುವ ಸಣ್ಣ ಅಕ್ಷರ ಮೊದಲು, ಹೆಸರಿನ ದೊಡ್ಡ ಅಕ್ಷರ ಅನಂತರ, ಲಾಂಛನ ಕಟ್ಟಕಡೆಗೆ. ಅದೂ ಬೇಕಾದರೆ ಮಾತ್ರ.

೨

ಈ ವಾದಕ್ಕೆ ಅಳತೆಗೋಲನ್ನು ನಾವು ದೂರದಿಂದ ತರಬೇಕಾಗಿಲ್ಲ. ೧೧ನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯಲಕ್ಷಣವನ್ನು ಹೇಳುವಾಗ ಮೂರು ಅಂಶಗಳನ್ನು ಒಂದು ಕ್ರಮದಲ್ಲಿಡುತ್ತಾನೆ: ಶಬ್ದಾರ್ಥಗಳು ದೋಷರಹಿತವಾಗಿರಬೇಕು, ಗುಣಸಹಿತವಾಗಿರಬೇಕು, ಅಲಂಕಾರವು ಕೆಲವೆಡೆ ಸ್ಫುಟವಾಗಿ ಇಲ್ಲದಿದ್ದರೂ ಬಾಧಕವಿಲ್ಲ. ದೋಷಾಭಾವ, ಗುಣ, ಅಲಂಕಾರ ಎಂಬ ಈ ಅನುಕ್ರಮವು ಕಾವ್ಯಕ್ಕೆ ಪೂರ್ಣವಾಗಿ ಸಲ್ಲುವುದೇ ಎಂಬುದರಲ್ಲಿ ವಿವಾದವುಂಟು. ಉಪಯೋಗಕ್ಕಾಗಿ ಹುಟ್ಟಿದ ಅಕ್ಷರವಿನ್ಯಾಸಕ್ಕಂತೂ ಅದು ಚೆನ್ನಾಗಿ ಸಲ್ಲುತ್ತದೆ.

ಮಮ್ಮಟನಿಗೆ ‘ಸಾಹಿತ್ಯದರ್ಪಣ’ದ ವಿಶ್ವನಾಥನು ಒಡ್ಡಿದ ಆಕ್ಷೇಪವನ್ನೂ ಮರೆಯಬಾರದು. ದೋಷವೇ ಇಲ್ಲದುದು ಕಾವ್ಯವೆನ್ನುವುದಾದರೆ ಕಾವ್ಯವೇ ಲೋಕದಲ್ಲಿ ವಿರಳವಾಗುತ್ತದೆ ಎಂಬುದು ಆತನ ಮಾತಿನ ತಾತ್ಪರ್ಯ. ಫಾಂಟುಗಳ ವಿಷಯದಲ್ಲಿಯೂ ಇದು ದಿಟ. ಎಲ್ಲ ಗಾತ್ರದಲ್ಲಿಯೂ ಎಲ್ಲ ಕಾರ್ಯಕ್ಕೂ ನಿರ್ದುಷ್ಟವಾದ ಫಾಂಟ್ ಇಲ್ಲ. ಆದುದರಿಂದ ಪ್ರಶ್ನೆ ದೋಷವಿದೆಯೇ ಎಂಬುದಲ್ಲ. ಆ ದೋಷವು ಈ ಸ್ಥಳದಲ್ಲಿ ಬಾಧಿಸುವುದೇ ಎಂಬುದು. ಇಲ್ಲಿ ಕ್ಷೇಮೇಂದ್ರನ ಔಚಿತ್ಯತತ್ತ್ವ ನಮ್ಮ ನೆರವಿಗೆ ಬರುತ್ತದೆ. ಸೊಂಟದ ಡಾಬನ್ನು ಕೊರಳಿಗೆ ತೊಟ್ಟರೆ ಡಾಬಿನ ಚಿನ್ನ ಕೆಡುವುದಿಲ್ಲ, ತೊಟ್ಟವರು ನಗೆಗೀಡಾಗುತ್ತಾರೆ. ಒಳ್ಳೆಯ ಫಾಂಟು ತಪ್ಪುಸ್ಥಳದಲ್ಲಿ ಬಿದ್ದಾಗಲೂ ಆಗುವುದು ಇದೇ.

೩

ಮೊದಲು ದೋಷವಿಚಾರ. ಕನ್ನಡ ಲಿಪಿಯ ಕೆಲವು ಸ್ವಭಾವಗಳನ್ನು ಅರಿಯದೆ ಇದು ತಿಳಿಯದು. ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಅಕ್ಷರವು ಮೇಲಕ್ಕೆ ಗುಡಿಸನ್ನೂ ಕೆಳಕ್ಕೆ ಒತ್ತಕ್ಷರವನ್ನೂ ಚಾಚುತ್ತದೆ. ಕಲ್ಲಚ್ಚಿನಲ್ಲಿ ಇದು ತೊಡಕಾಗಿರಲಿಲ್ಲ. ಏಕೆಂದರೆ ಅದು ಕೈಬರಹವನ್ನೇ ಪಡಿಯಚ್ಚಿಡುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ೧೮೪೧ರಲ್ಲಿ ಕಲ್ಲಚ್ಚಿನಿಂದಲೇ ಆರಂಭವಾಯಿತು. ೧೮೪೩ರ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಬಂದಿತು. ಸೀಸದ ಮೊಳೆಗಳಲ್ಲಿ ಕನ್ನಡವನ್ನು ಜೋಡಿಸುವಾಗ ಒತ್ತಕ್ಷರವು ಬೇರೆ ತುಂಡಾಗಿ, ಸಾಲುಗಳ ನಡುವಣ ಅಂತರವು ದೊಡ್ಡ ಸಮಸ್ಯೆಯಾಯಿತು. ಯೂನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಮನೆಮನೆಯ ಕಂಪ್ಯೂಟರಿಗೆ ಬಂದಿತು. ೨೦೧೨ರಲ್ಲಿ ಜಾಲಫಾಂಟಿನ ‘ವೋಫ್’ ರೂಪವು ಸರ್ವಮಾನ್ಯ ಶಿಫಾರಸಾಗಿ, ಓದುಗನ ಯಂತ್ರದಲ್ಲಿ ಇಲ್ಲದ ಫಾಂಟನ್ನೂ ಪುಟದೊಡನೆ ಕಳುಹಿಸುವುದು ಸುಲಭವಾಯಿತು. ಸಾಧನಗಳು ಬದಲಾದುವು, ಒತ್ತಕ್ಷರದ ಸಮಸ್ಯೆ ಮಾತ್ರ ಉಳಿದೇ ಇದೆ.

ಜಾಲತಾಣಗಳಲ್ಲಿ ಕಾಣುವ ದೋಷಗಳನ್ನು ನಾವು ನಾಲ್ಕಾಗಿ ವಿಂಗಡಿಸಿ, ಅನುಕೂಲಕ್ಕಾಗಿ ಹೆಸರಿಟ್ಟುಕೊಳ್ಳುತ್ತೇವೆ: ಚಿಹ್ನಲೋಪ, ಪಂಕ್ತಿಸಂಘಟ್ಟ, ಕೃತಕವಿಕಾರ, ರೂಪಸಂಕರ.

ಚಿಹ್ನಲೋಪವೆಂದರೆ ಅಕ್ಷರಭೇದವನ್ನು ತೋರುವ ಸಣ್ಣ ಗುರುತು ಅಳಿಸಿಹೋಗುವುದು. ದಕಾರವನ್ನು ಧಕಾರವಾಗಿಸುವುದು ಕೆಳಗಿನ ಒಂದು ಸೀಳು. ರಕಾರದಿಂದ ಠಕಾರವನ್ನು ಬೇರ್ಪಡಿಸುವುದು ಒಳಗಿನ ಒಂದು ಚುಕ್ಕೆ. ಪ, ಫ, ಷಗಳ ನಡುವಣ ಭೇದವೂ ಅಷ್ಟೇ ಸೂಕ್ಷ್ಮ. ತೀರ ದಪ್ಪನಾದ ಫಾಂಟನ್ನು ಸಣ್ಣ ಗಾತ್ರದಲ್ಲಿ ಬಳಸಿದರೆ ಸೀಳು ಮುಚ್ಚಿಹೋಗುತ್ತದೆ, ಚುಕ್ಕೆ ಕರಗಿಹೋಗುತ್ತದೆ. ‘ಮಠ’ವು ‘ಮರ’ವಾಗುತ್ತದೆ. ‘ಧನಲಕ್ಷ್ಮಿ’ ಎಂಬ ಶುಭನಾಮವನ್ನಿಟ್ಟ ಅಂಗಡಿಯು ಮೊಬೈಲ್ ಪರದೆಯಲ್ಲಿ ‘ದನಲಕ್ಷ್ಮಿ’ಯಾದರೆ ನಷ್ಟ ವರ್ತಕನಿಗೆ ಮಾತ್ರವಲ್ಲ; ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಕಣ್ಣಿನಿಂದ ಕಲಿಯಬೇಕಾದ ಮಗುವಿಗೂ ನಷ್ಟವೇ.

ಪಂಕ್ತಿಸಂಘಟ್ಟವೆಂದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು. ‘ಲಕ್ಷ್ಮೀ’, ‘ರಾಷ್ಟ್ರ’, ‘ಶಾಸ್ತ್ರ’ಗಳಂತಹ ಪದಗಳಲ್ಲಿ ಮೂರು ವ್ಯಂಜನಗಳು ಒಟ್ಟುಗೂಡುತ್ತವೆ. ರೋಮನ್ ಅಕ್ಷರಕ್ಕೆಂದು ಅಕ್ಷರಗಾತ್ರದ ೧.೨ರಷ್ಟು ಸಾಲಂತರವನ್ನಿಟ್ಟ ಪುಟದಲ್ಲಿ ಕನ್ನಡವನ್ನು ಸುರಿದರೆ ಘರ್ಷಣೆ ಅನಿವಾರ್ಯ. ಕನ್ನಡದ ಓದುಬರಹಕ್ಕೆ ೧.೬ಕ್ಕೆ ಕಡಮೆಯಿಲ್ಲದ ಸಾಲಂತರ ಬೇಕೆಂದು ನಮ್ಮ ಅಭಿಪ್ರಾಯ. ಇದಕ್ಕೆ ಹಣ ಬೇಡ, ಗಮನ ಸಾಕು.

ಕೃತಕವಿಕಾರವು ಇದಕ್ಕಿಂತ ಮೋಸದ ದೋಷ. ಫಾಂಟಿನಲ್ಲಿ ದಪ್ಪರೂಪ ಇಲ್ಲದಿದ್ದಾಗ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸಿ ದಪ್ಪಮಾಡುತ್ತದೆ. ಓರೆರೂಪವಿಲ್ಲದಿದ್ದರೆ ನೆಟ್ಟಗಿದ್ದುದನ್ನೇ ವಾಲಿಸುತ್ತದೆ. ಮೊದಲನೆಯದರಿಂದ ಮತ್ತೆ ಚಿಹ್ನಲೋಪ ಸಂಭವಿಸುತ್ತದೆ. ಎರಡನೆಯದು ಕನ್ನಡ ಮುದ್ರಣಸಂಪ್ರದಾಯಕ್ಕೆ ಅಷ್ಟಾಗಿ ಒಗ್ಗದ ಚೇಷ್ಟೆ. ಒತ್ತಿ ಹೇಳುವುದಕ್ಕೆ ಕನ್ನಡದಲ್ಲಿ ಗಾತ್ರ, ಬಣ್ಣ, ಬಿಡುವುಗಳಿವೆ; ವಾಲಿಕೆಯ ಅಗತ್ಯವಿಲ್ಲ.

ರೂಪಸಂಕರವೆಂದರೆ ಪುಟಕ್ಕೆ ರೋಮನ್ ಫಾಂಟೊಂದನ್ನು ಮಾತ್ರ ನಿಯಮಿಸಿ, ಕನ್ನಡಕ್ಕೆ ಏನನ್ನೂ ಹೇಳದೆ ಬಿಡುವುದು. ಆಗ ಓದುಗನ ಯಂತ್ರದಲ್ಲಿರುವ ಕನ್ನಡ ಫಾಂಟನ್ನು ಬ್ರೌಸರ್ ತಾನೇ ಹುಡುಕಿ ತುಂಬುತ್ತದೆ. ಒಂದೇ ಅಂಗಡಿಯ ಪುಟವು ಒಬ್ಬನಿಗೆ ಒಂದು ರೂಪದಲ್ಲಿ, ಇನ್ನೊಬ್ಬನಿಗೆ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಇಂಗ್ಲಿಷಿನ ಭಾಗ ಮಾತ್ರ ಎಲ್ಲೆಡೆಯೂ ಒಂದೇ. ಇಂತಹ ಪುಟದಲ್ಲಿ ಕನ್ನಡವು ಮನೆಯ ಯಜಮಾನನಾಗಿರದೆ ಜಗಲಿಯ ಮೇಲಿನ ಅತಿಥಿಯಾಗಿರುತ್ತದೆ.

ಈ ನಾಲ್ಕರ ಹೊರಗೆ ನಿಲ್ಲುವ ಮಹಾದೋಷವೊಂದಿದೆ: ಕನ್ನಡವನ್ನು ಅಕ್ಷರವಾಗಿ ಇಡದೆ ಚಿತ್ರವಾಗಿ ಇಡುವುದು. ಮುದ್ರಣಕ್ಕಾಗಿ ಹಳೆಯ ಸಂಕೇತಕ್ರಮದ ಫಾಂಟಿನಲ್ಲಿ ಜೋಡಿಸಿದ ಕರಪತ್ರವನ್ನೇ ಛಾಯೆತೆಗೆದು ಪುಟಕ್ಕೆ ಅಂಟಿಸುವುದುಂಟು. ಚಿತ್ರದಲ್ಲಿರುವ ತಿಂಡಿಯ ಹೆಸರನ್ನು ಶೋಧಯಂತ್ರವು ನೆಚ್ಚಿಕೊಳ್ಳುವಂತೆ ಓದಲಾರದು. ಪರ್ಯಾಯಪಠ್ಯವಿಲ್ಲದಿದ್ದರೆ ಅಂಧರಿಗಾಗಿ ಪುಟವನ್ನು ಓದಿಹೇಳುವ ತಂತ್ರಾಂಶಕ್ಕೂ ಅದು ಮೌನ. ಮೊಬೈಲಿನಲ್ಲಿ ಅದು ಕಿರಿದಾಗುತ್ತದೆಯೇ ಹೊರತು ಸಾಲು ಮುರಿದು ಹೊಂದಿಕೊಳ್ಳುವುದಿಲ್ಲ.

೪

ಇನ್ನು ಗುಣವಿಚಾರ. ಮಮ್ಮಟನು ಮಾಧುರ್ಯ, ಓಜಸ್ಸು, ಪ್ರಸಾದ ಎಂದು ಗುಣಗಳನ್ನು ಮೂರಕ್ಕಿಳಿಸುತ್ತಾನೆ. ಅವುಗಳಲ್ಲಿ ಪ್ರಸಾದವು ಎಲ್ಲ ರಸಗಳಿಗೂ ಸಾಧಾರಣ. ಈ ವಿಭಾಗವನ್ನು ನಾವು ಅಕ್ಷರರೂಪಗಳಿಗೆ ಅನ್ವಯಿಸುವುದು ಉಪಮಾನವಾಗಿ ಮಾತ್ರ. ಆದರೆ ಉಪಮಾನ ಉಪಯುಕ್ತವಾಗಿದೆ. ಉಚಿತವಾಗಿ ದೊರೆಯುವ, ಮುಕ್ತ ಪರವಾನಗಿಯುಳ್ಳ ಕೆಲವು ಕನ್ನಡ ಫಾಂಟುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ಪರವಾನಗಿಯಂತೆ ವ್ಯಾಪಾರದ ಪುಟದಲ್ಲಿಯೂ ಲಾಂಛನದಲ್ಲಿಯೂ ಅವನ್ನು ಬಳಸಬಹುದು. ಮಾರಾಟದ ಫಾಂಟುಗಳಲ್ಲಿ ಕಂಪ್ಯೂಟರಿನ ಬಳಕೆಗೊಂದು, ಜಾಲತಾಣಕ್ಕೊಂದು ಎಂದು ಬೇರೆ ಬೇರೆ ಪರವಾನಗಿಗಳಿರುವುದು ಸಾಮಾನ್ಯ. ಸಣ್ಣ ವರ್ತಕನು ಇದನ್ನು ಅರಿಯದೆ ತೊಂದರೆಗೆ ಸಿಲುಕಬಾರದು.

‘ನೋಟೋ ಸ್ಯಾನ್ಸ್ ಕನ್ನಡ’ದಲ್ಲಿ ಪ್ರಸಾದಗುಣ ಪ್ರಧಾನ. ತೆಳುವಿನಿಂದ ಅತಿದಪ್ಪದವರೆಗೆ ಅದರಲ್ಲಿ ನಿಜವಾದ ರೂಪಗಳಿರುವುದರಿಂದ ಕೃತಕವಿಕಾರದ ಭಯವಿಲ್ಲ. ಅದಕ್ಕೆ ವ್ಯಕ್ತಿತ್ವ ಸಾಲದೆಂಬ ಮಾತು ಸುಳ್ಳಲ್ಲ. ಆದರೆ ಬೆಲೆಪಟ್ಟಿಗೂ ವಿಳಾಸಕ್ಕೂ ವ್ಯಕ್ತಿತ್ವಕ್ಕಿಂತ ವಿಶದತೆ ಹೆಚ್ಚು ಅವಶ್ಯಕ. ‘ನೋಟೋ ಸೆರಿಫ್ ಕನ್ನಡ’ದಲ್ಲಿ ಗೆರೆಯ ದಪ್ಪ ತೆಳುಗಳ ಭೇದವಿದ್ದು, ದೀರ್ಘವಾದ ಬರಹಕ್ಕೆ ಪುಸ್ತಕದ ಗಾಂಭೀರ್ಯ ಒದಗುತ್ತದೆ.

‘ಹುಬ್ಬಳ್ಳಿ’ ಎಂಬ ಫಾಂಟಿನಲ್ಲಿ ಮಾಧುರ್ಯ ಪ್ರಧಾನ. ಒಂದೇ ದಪ್ಪದ ಗೆರೆ ಮೆಲ್ಲಗೆ ಹರಿಯುತ್ತದೆ. ಕನ್ನಡಕ್ಕೆ ಸಹಜವಾದ ದುಂಡುತನ ಅಲ್ಲಿ ಎದ್ದುಕಾಣುತ್ತದೆ. ಆದರೆ ಅದಕ್ಕಿರುವುದು ಒಂದೇ ತೂಕ. ಶೀರ್ಷಿಕೆಯನ್ನು ದಪ್ಪಮಾಡಹೊರಟರೆ ಬ್ರೌಸರ್ ಅದನ್ನು ಉಬ್ಬಿಸುತ್ತದೆ. ಹಿರಿಯಕ್ಷರದಲ್ಲಿ ಹೆಸರಿಗೆ ಅದು ಒಪ್ಪೀತು.

‘ಬಾಲೂ ತಮ್ಮ’ದಲ್ಲಿ ಓಜಸ್ಸು ಪ್ರಧಾನ. ಮುಂಬಯಿಯ ಏಕ್ ಟೈಪ್ ಸಂಸ್ಥೆ ರೂಪಿಸಿದ ಈ ಫಾಂಟು ತುಂಬುಮೈಯದು, ನಗುಮುಖದ್ದು. ಬೇಕರಿಗೆ, ಆಟಿಕೆಯಂಗಡಿಗೆ, ಹಣ್ಣಿನ ರಸದ ಮಳಿಗೆಗೆ ಶೀರ್ಷಿಕೆಯಲ್ಲಿ ಅದು ಸೊಗಸು. ಅದೇ ಫಾಂಟಿನ ದಪ್ಪರೂಪದಲ್ಲಿ ಔಷಧದ ಪ್ರಮಾಣವನ್ನೋ ಹಣ ಹಿಂದಿರುಗಿಸುವ ನಿಯಮವನ್ನೋ ಅಚ್ಚಿಟ್ಟರೆ ಡಾಬು ಕೊರಳಿಗೇರಿದಂತೆ. ಅದೇ ಸಂಸ್ಥೆಯ ‘ಅನೇಕ್ ಕನ್ನಡ’ವು ತೂಕದಲ್ಲಿಯೂ ಅಗಲದಲ್ಲಿಯೂ ಬದಲಾಗಬಲ್ಲುದು; ಒಂದೇ ಕುಟುಂಬದೊಳಗೆ ಶೀರ್ಷಿಕೆ ಬರಹಗಳೆರಡನ್ನೂ ನಿರ್ವಹಿಸಬಯಸುವವರಿಗೆ ಅದು ಅನುಕೂಲ. ಅದರ ರೋಮನ್ ಅಕ್ಷರಗಳೂ ಕನ್ನಡದೊಡನೆ ಹೊಂದುವಂತೆ ರಚಿತವಾಗಿರುವುದರಿಂದ ದ್ವಿಭಾಷಾಪುಟದಲ್ಲಿ ಸಂಕರದ ಭಯ ಕಡಮೆ. ‘ಅಕಾಯ ಕನ್ನಡಕ’ದಂತಹ ಪ್ರಯೋಗಶೀಲ ರೂಪಗಳು ಹೆಸರಿಗಾಗಿ ಹುಟ್ಟಿದುವು, ಓದಿಗಾಗಿ ಅಲ್ಲ. ‘ತೀರೋ ಕನ್ನಡ’ವು ಗ್ರಂಥದ ಓದಿಗೆ ಹಿತವಾದುದು, ಪುಸ್ತಕದಂಗಡಿಗೂ ಸಂಗೀತಶಾಲೆಗೂ ತಕ್ಕುದು. ಆದರೆ ಅದರಲ್ಲಿಯೂ ದಪ್ಪರೂಪವಿಲ್ಲವೆಂಬುದನ್ನು ನೆನಪಿಟ್ಟು ಬಳಸಬೇಕು.

ಎಷ್ಟು ಫಾಂಟುಗಳು? ಸಣ್ಣ ಅಂಗಡಿಗೆ ಎರಡು ಸಾಕು; ಒಂದಾದರೂ ಕೊರತೆಯಿಲ್ಲ. ಒತ್ತಕ್ಷರ ಗುಣಿತಗಳ ರೂಪಗಳೆಲ್ಲ ಸೇರಿ ಕನ್ನಡ ಫಾಂಟಿನಲ್ಲಿ ನೂರಾರು ಆಕೃತಿಗಳಿರುತ್ತವೆ. ಒಂದೊಂದು ಫಾಂಟೂ ಪುಟದ ಹೊರೆಯನ್ನು ಹೆಚ್ಚಿಸುತ್ತದೆ. ದುರ್ಬಲ ಸಂಪರ್ಕವುಳ್ಳ ಊರಿನ ಗಿರಾಕಿಗೆ ಪುಟ ತೆರೆಯುವ ಮೊದಲೇ ತಾಳ್ಮೆ ಮುಗಿದಿರುತ್ತದೆ. ಅಂಕೆಗಳನ್ನೂ ಮರೆಯಬಾರದು. ದೂರವಾಣಿಯ ಸಂಖ್ಯೆಯೂ ಬೆಲೆಯೂ ಅಂಗಡಿಯ ಪುಟದ ಪ್ರಾಣ. ಕನ್ನಡದ ಅಂಕೆಗಳನ್ನು ಬಳಸುವುದಾದರೆ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಬೇರೆಯಾಗಿ ಕಾಣುತ್ತವೆಯೇ ಎಂದು ನೋಡಬೇಕು. ಬಳಸದಿದ್ದರೆ, ಆರಿಸಿದ ಫಾಂಟಿನ ಅಂತರರಾಷ್ಟ್ರೀಯ ಅಂಕೆಗಳು ಕನ್ನಡದ ಎತ್ತರಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು.

೫

ಕೊನೆಯದು ಅಲಂಕಾರ, ಎಂದರೆ ಲಾಂಛನ. ಲಾಂಛನವಿಲ್ಲದೆ ವ್ಯಾಪಾರಕ್ಕೆ ವ್ಯಕ್ತಿತ್ವವಿಲ್ಲವೆಂಬ ನಂಬಿಕೆ ಬಲವಾಗಿದೆ. ಆದರೆ ಚಿತ್ರವೊಂದು ತಾನಾಗಿಯೇ ಅರ್ಥವನ್ನು ಹೊತ್ತು ಹುಟ್ಟುವುದಿಲ್ಲ. ದೀರ್ಘಕಾಲದ ಬಳಕೆ ಅದಕ್ಕೆ ಅರ್ಥವನ್ನು ತುಂಬುತ್ತದೆ. ಸರಕಾರಿ ಸಾಬೂನು ಕಾರ್ಖಾನೆಯಿಂದ ಬೆಳೆದ ಮೈಸೂರು ಸ್ಯಾಂಡಲ್ ಸಾಬೂನಿನ ಸಂಸ್ಥೆಗೆ ಶರಭವು ಲಾಂಛನ. ಸಿಂಹದ ಮೈ, ಆನೆಯ ತಲೆ ಉಳ್ಳ ಆ ಪುರಾಣಮೃಗಕ್ಕೂ ಶ್ರೀಗಂಧಕ್ಕೂ ಸ್ವಾಭಾವಿಕ ಸಂಬಂಧ ತೋರದು. ಆದರೂ ತಲೆಮಾರುಗಳ ಬಳಕೆಯಿಂದ ಸಂಬಂಧ ಬೆಳೆದಿದೆ. ಸಣ್ಣ ಅಂಗಡಿಗೆ ಅಷ್ಟು ಕಾಲವೂ ಇಲ್ಲ, ಅಷ್ಟು ಪ್ರಚಾರಧನವೂ ಇಲ್ಲ. ಅದರ ಬಳಿ ಇರುವುದು ಒಂದು ಹೆಸರು.

ಹೆಸರೇ ಲಾಂಛನವಾಗಬಲ್ಲುದೆಂಬುದಕ್ಕೆ ಪ್ರಸಿದ್ಧ ನಿದರ್ಶನ ಕೋಕಾ-ಕೋಲಾ. ೧೮೮೬ರಲ್ಲಿ, ಅಟ್ಲಾಂಟಾದ ಔಷಧವ್ಯಾಪಾರಿ ಜಾನ್ ಪೆಂಬರ್ಟನ್ನನ ಪಾನೀಯವು ಇನ್ನೂ ಸಣ್ಣ ಉದ್ಯಮವಾಗಿದ್ದಾಗ, ಅವನ ಲೆಕ್ಕಿಗನಾದ ಫ್ರಾಂಕ್ ರಾಬಿನ್ಸನ್ ಆ ಕಾಲದ ಅಮೆರಿಕದ ವ್ಯವಹಾರದಲ್ಲಿ ರೂಢವಾಗಿದ್ದ ಕೂಡುಬರಹದ ಶೈಲಿಯನ್ನು ಆ ಹೆಸರಿಗೆ ಆರಿಸಿಕೊಟ್ಟನು. ಪಾನೀಯದ ಚಿತ್ರವನ್ನಾಗಲಿ ಹಣ್ಣಿನ ಚಿತ್ರವನ್ನಾಗಲಿ ಆತ ಬರೆಯಲಿಲ್ಲ. ಹೆಸರನ್ನು ಚೆನ್ನಾಗಿ ಬರೆದನು, ಅಷ್ಟೇ. ಭಾರತದ ಕಾನೂನು ಕೂಡ ಇದಕ್ಕೆ ಅಡ್ಡಿಯಿಲ್ಲವೆನ್ನುತ್ತದೆ. ೧೯೯೯ರ ವ್ಯಾಪಾರಮುದ್ರೆ ಅಧಿನಿಯಮದ ವ್ಯಾಖ್ಯೆಯಲ್ಲಿ ಹೆಸರು, ಪದ, ಅಕ್ಷರ, ಅಂಕೆಗಳೂ ಗುರುತಾಗಿ ಪರಿಗಣಿತವಾಗಿವೆ.

ಕನ್ನಡದಲ್ಲಿ ಹೆಸರನ್ನು ಗುರುತಾಗಿಸುವಾಗ ಎರಡು ಎಚ್ಚರಿಕೆಗಳು ಬೇಕು. ಒಂದು, ತಲೆಕಟ್ಟನ್ನು ಕುರಿತದ್ದು. ರೋಮನ್ ಅಕ್ಷರದ ಸರಳತೆಯನ್ನು ಅನುಕರಿಸುವ ಆಸೆಯಿಂದ ತಲೆಕಟ್ಟನ್ನು ಕತ್ತರಿಸಿ, ಗೆರೆಯನ್ನು ಚೌಕಮಾಡುವುದುಂಟು. ತಲೆಕಟ್ಟು ಒಡವೆಯಲ್ಲ. ಬಹುಪಾಲು ವ್ಯಂಜನಗಳಲ್ಲಿ ಅದು ಅಕಾರದ ಸೂಚಕ. ಗುಡಿಸು ಬಂದಾಗ ಅದು ಸ್ಥಳ ಬಿಟ್ಟುಕೊಡುತ್ತದೆ. ಅದನ್ನು ಕತ್ತರಿಸುವುದು ಸ್ವರವನ್ನೇ ಕತ್ತರಿಸಿದಂತೆ. ವ್ಯಾಕರಣವನ್ನು ಬಲ್ಲವರು ಮೌನವಾಗಿದ್ದರೆ ಈ ತಪ್ಪು ಶೈಲಿಯೆಂಬ ಹೆಸರಿನಲ್ಲಿ ನೆಲೆಯೂರುತ್ತದೆ.

ಎರಡು, ಮೊದಲಕ್ಷರವನ್ನು ಕುರಿತದ್ದು. ಬ್ರೌಸರಿನ ಹಾಳೆಪಟ್ಟಿಯಲ್ಲಿ ಪುಟದ ಗುರುತಿಗೆ ದೊರೆಯುವ ಸ್ಥಳ ೧೬ ಪಿಕ್ಸೆಲ್ ಅಗಲ, ೧೬ ಪಿಕ್ಸೆಲ್ ಎತ್ತರದಷ್ಟು ಕಿರಿದು. ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರವನ್ನು ಅಲ್ಲಿಡುವುದು ವಾಡಿಕೆ. ನಮ್ಮ ಅಂಗಡಿಗಳ ಹೆಸರುಗಳಲ್ಲಿ ಎಷ್ಟೋ ‘ಶ್ರೀ’ಯಿಂದ ಆರಂಭವಾಗುತ್ತವೆ. ‘ಶ್ರೀ’ ಎಂಬುದರಲ್ಲಿ ಗುಡಿಸು, ದೀರ್ಘ, ರಕಾರದ ಒತ್ತು ಮೂರೂ ಇದ್ದು, ಆ ಪುಟ್ಟ ಚೌಕದಲ್ಲಿ ಅದು ಮಸಿಯ ಕಲೆಯಾಗುತ್ತದೆ. ಸ್ಪಷ್ಟವಾಗಿ ಕಂಡರೂ ಒಂದು ಅಂಗಡಿಯನ್ನು ಇನ್ನೊಂದರಿಂದ ಬೇರ್ಪಡಿಸದು. ಒತ್ತಿಲ್ಲದ ಒಂದು ಅಕ್ಷರವನ್ನು ಹೆಸರಿನ ಮುಖ್ಯಪದದಿಂದ ಆರಿಸುವುದು ಲೇಸು.

ಚಿತ್ರವೇ ಬೇಕೆಂದಾದರೆ ಅದು ವೃತ್ತಿಯೊಳಗಿನಿಂದ ಬರಲಿ. ಇಳಕಲ್ಲಿನ ಸೀರೆಗಳನ್ನು ಮಾರುವ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಅದಕ್ಕೆ ಹಂಪಿಯ ಕಲ್ಲಿನ ರಥವಾಗಲಿ ನವಿಲಾಗಲಿ ಏತಕ್ಕೆ? ಒಡಲನ್ನೂ ಸೆರಗನ್ನೂ ಕೊಂಡಿಹಾಕಿ ಕೂಡಿಸುವ ನೇಯ್ಗೆ ಆ ಸೀರೆಯ ವಿಶೇಷ. ಸೆರಗಿನ ಹಣಿಗೆಯ ಸಾಲು ಅದನ್ನು ಉಡುವವರೆಲ್ಲ ಬಲ್ಲ ಗುರುತು. ಆ ಸಾಲನ್ನು ಹೆಸರಿನ ಕೆಳಗೆ ಒಂದು ಅಂಚಾಗಿ ಎಳೆದರೆ ಸಾಕು. ಹೆಸರು ಓದಿಸುತ್ತದೆ, ಅಂಚು ನೆನಪಿಸುತ್ತದೆ. ಒಂದು ಮತ್ತೊಂದರ ಕೆಲಸಕ್ಕೆ ಕೈಹಾಕುವುದಿಲ್ಲ.

೬

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಎರಡು ಗಣನೀಯವಾದುವು. ಗಿರಾಕಿಗಳು ಇಂಗ್ಲಿಷನ್ನೂ ಓದಬಲ್ಲರು, ಕನ್ನಡಕ್ಕೆ ಇಷ್ಟು ಶ್ರಮವೇಕೆ ಎಂಬುದು ಮೊದಲನೆಯದು. ಓದಬಲ್ಲವರು ಓದಲಿ; ಓದಲಾರದವರೂ ಗಿರಾಕಿಗಳೇ. ಮೇಲಾಗಿ, ನಾವು ಹೇಳಿದ ಕ್ರಮವು ಹೆಚ್ಚು ಶ್ರಮದ್ದಲ್ಲ, ಕಡಮೆ ವೆಚ್ಚದ್ದು. ಓದುಬರಹದ ಫಾಂಟು ಉಚಿತವಾಗಿ ದೊರೆಯುತ್ತದೆ; ಹಣ ತಿನ್ನುವುದು ಲಾಂಛನ.

ಎರಡನೆಯ ಆಕ್ಷೇಪ ಗಂಭೀರವಾದುದು. ಎಲ್ಲರೂ ಅದೇ ಬೆರಳೆಣಿಕೆಯ ಉಚಿತ ಫಾಂಟುಗಳನ್ನು ಬಳಸಿದರೆ ಎಲ್ಲ ಅಂಗಡಿಗಳೂ ಒಂದೇ ಮುಖದವಾಗಿ ಕಾಣವೇ? ಒಂದು ಮಟ್ಟಿಗೆ ಇದು ನಿಜ. ಬೆಲೆಪಟ್ಟಿಗಳು ಒಂದೇ ಮುಖದವಾದರೆ ಹಾನಿಯಿಲ್ಲ, ಹೆಸರುಗಳು ಹಾಗಾಗಬಾರದು. ಇಲ್ಲಿಯೇ ನಾಮಫಲಕ ಬರೆಯುವ ಕಲಾವಿದನ ಕೈ ನೆನಪಿಗೆ ಬರಬೇಕು. ಕುಂಚದಿಂದ ಒಮ್ಮೆ ಚೆನ್ನಾಗಿ ಬರೆಯಿಸಿದ ಹೆಸರನ್ನು ರೇಖಾಚಿತ್ರವಾಗಿ ಪರಿವರ್ತಿಸಿ, ಪರ್ಯಾಯಪಠ್ಯದೊಡನೆ ಪುಟದ ತಲೆಯಲ್ಲಿಟ್ಟರೆ, ಅದು ಬೇರಾರಿಗೂ ಇಲ್ಲದ ಗುರುತಾಗುತ್ತದೆ. ಹಿಂದೆ ಚಿತ್ರವಾಗಿ ಇಡಬಾರದೆಂದುದು ಓದುಬರಹವನ್ನು. ಹೆಸರಿಗೆ ಈ ವಿನಾಯಿತಿ ಸಲ್ಲುತ್ತದೆ.

ಆದರೂ ಆಕ್ಷೇಪದ ಒಂದಂಶ ಉಳಿಯುತ್ತದೆ: ಕನ್ನಡಕ್ಕೆ ಒಳ್ಳೆಯ ಓದುಫಾಂಟುಗಳು ಇನ್ನೂ ಹೆಚ್ಚು ಬೇಕು. ಅವು ಹುಟ್ಟುವುದಕ್ಕೆ ರಚಿಸುವವರಷ್ಟೇ ಪರೀಕ್ಷಿಸುವವರೂ ಬೇಕು. ಹೊಸ ಕಾವ್ಯಸಂಕಲನ ಬಂದರೆ ವಿಮರ್ಶಿಸುವ ನಾವು ಹೊಸ ಕನ್ನಡ ಫಾಂಟು ಬಂದಾಗ ಒಂದು ಪುಟವನ್ನಾದರೂ ಬರೆಯಬೇಡವೇ? ‘ಧ’ದ ಸೀಳು, ‘ಠ’ದ ಚುಕ್ಕೆ, ‘ಕ್ಷ್ಮ’ದ ಒತ್ತುಗಳನ್ನು ಪರೀಕ್ಷಿಸುವ ಅಧಿಕಾರ ಲಿಪಿಶಾಸ್ತ್ರವನ್ನೂ ವ್ಯಾಕರಣವನ್ನೂ ಓದಿದವರಿಗಿಂತ ಹೆಚ್ಚಾಗಿ ಮತ್ತಾರಿಗಿದೆ? ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ತಮ್ಮ ಮನೆಯ ಅಂಗಡಿಗೋ ನೆರೆಯವರ ಮಳಿಗೆಗೋ ಜಾಲತಾಣವನ್ನು ಮಾಡಿಸುವವರು. ಅವರು ಲಾಂಛನವನ್ನು ಕೇಳುವ ಮೊದಲು ತಮ್ಮ ಬೆಲೆಪಟ್ಟಿಯ ಅತ್ಯಂತ ಕಠಿನವಾದ ಹತ್ತು ಪದಗಳನ್ನು ಅತ್ಯಂತ ಸಣ್ಣ ಗಾತ್ರದಲ್ಲಿ, ತಮ್ಮಲ್ಲಿರುವ ಅತ್ಯಂತ ಅಗ್ಗದ ಮೊಬೈಲಿನಲ್ಲಿ ಅಚ್ಚಿಳಿಸಿ ನೋಡಲಿ. ಆ ಹತ್ತು ಪದಗಳು ಮನೆಯ ಹಿರಿಯರಿಗೆ ತೊಡರಿಲ್ಲದೆ ಓದಲು ಬಂದುವಾದರೆ ಫಾಂಟಿನ ಆಯ್ಕೆ ಮುಗಿಯಿತೆಂದೇ ತಿಳಿಯಬಹುದು. ಉಳಿದುದೆಲ್ಲ ಅಲಂಕಾರ.